ಹಾಡಿಗೆ ಎರಡು ಎಲೆ, ಒಂದು ಅಡಿಕೆ

ಮೊಬೈಲಿಗೆ ಎಲೆ-ಅಡಿಕೆ ಕೊಡುವ ಹೆಂಗಸನ್ನು ನೀವು ನೋಡಿದ್ದೀರಾ? ಇಲ್ಲವಾದರೆ ನಮ್ಮ ಚಿಕ್ಕವ್ವನನ್ನು ನೋಡಿಲ್ಲ ಎಂದಾಯಿತು. ಪುಣ್ಯವಂತರು! ಅವಳ ಪಕ್ಕದಲ್ಲಿ ಕೂತು ನಾನು ಮಾನ ಕಳೆದುಕೊಂಡದ್ದನ್ನೂ ನೀವು ನೋಡಿಲ್ಲ.

ಅವಳೂ ಅವಳ ಅಕ್ಕ, ಅಂದರೆ ನನ್ನಮ್ಮನೂ ಪಿರಿಯಾಪಟ್ಟಣದ ಸುತ್ತಮುತ್ತ ಮದುವೆಮನೆಗಳಲ್ಲಿ ಸೋಬಾನೆ ಹಾಡುತ್ತಿದ್ದ ಜೋಡಿ. ಚಿಕ್ಕವ್ವ ಹಾಡು ಎತ್ತಿಕೊಂಡರೆ ಅಮ್ಮ ಹಿಂದಿನಿಂದ ಸೊಲ್ಲು ಹಿಡಿಯುತ್ತಿದ್ದಳು. ಹಾಡಿದವರನ್ನು ಎರಡು ಎಲೆ, ಒಂದು ಅಡಿಕೆ ಕೊಡದೆ ಕಳಿಸಬಾರದು ಎನ್ನುವುದು ನಮ್ಮ ಕಡೆಯ ಪದ್ಧತಿ. ಅಮ್ಮ ತೀರಿಕೊಂಡ ಮೇಲೆ ಚಿಕ್ಕವ್ವ ಹಾಡುವುದು ಬಿಟ್ಟಳು, ಕೇಳುವುದು ಹಿಡಿದಳು. ಪದ್ಧತಿ ಮಾತ್ರ ಬಿಡಲಿಲ್ಲ. ಮೊಬೈಲಿನಲ್ಲಿ ಹಾಡು ಮುಗಿದ ಕೂಡಲೇ ಅದರ ಮುಂದೆ ಎಲೆ-ಅಡಿಕೆ ಇಟ್ಟು ಕೈ ಮುಗಿಯುತ್ತಾಳೆ!

ಇದು ಡಿಜಿಟಲ್ ಕಾಲ, ತಿಂಗಳಿಗಿಷ್ಟು ಅಂತ ಕಟ್ಟಿದರೆ ಲಕ್ಷಗಟ್ಟಲೆ ಹಾಡು ಸಿಗುತ್ತದೆ ಎಂದು ತಿಳಿಹೇಳಲು ಹೋದೆ. ಅದರಲ್ಲಿ ಹಾಡಿದವಳಿಗೆ ಎಷ್ಟು ಹೋಗುತ್ತದೆ ಎಂದು ಕೇಳಿದಳು. ನನಗೇನು ಗೊತ್ತು ಎಂದೆ.

"ಅಂಗಾರೆ ನೀನು ಹಾಡಿಗೆ ಕೊಟ್ಟಿಲ್ಲ ಬುಡು. ಪೋನಿಗೆ ಕೊಟ್ಟಿದ್ದೀಯ."

ಮೊನ್ನೆ ಕೆ.ಆರ್. ನಗರದಲ್ಲಿ ನೆಂಟರ ಮದುವೆ. ಹುಣಸೂರಿನಲ್ಲಿ ಬಸ್ಸು ಹತ್ತಿದೆವು. ಡ್ರೈವರ್ ಹಾಡು ಹಾಕಿಬಿಟ್ಟ, ಪಾಪ! ಒಂದೊಂದು ಹಾಡಿಗೂ ಚಿಕ್ಕವ್ವ ಎದ್ದು ಹೋಗಿ ಅವನ ಮುಂದೆ ಎಲೆ ಇಟ್ಟು ಬಂದಳು. ಅರ್ಧ ದಾರಿಗೆ ಅಲ್ಲೊಂದು ಬೀಡಾ ಅಂಗಡಿ ತೆರೆಯಬಹುದಿತ್ತು. ಕೊನೆಗೆ, ಎಲೆ ಮುಗಿಯಿತು, ಇನ್ನು ಆಫ್ ಮಾಡಪ್ಪ ಎಂದು ಅಪ್ಪಣೆಯೂ ಆಯಿತು. ಇವರು ನಿಮ್ಮ ಕಡೆಯವರಾ ಎಂದು ಕಂಡಕ್ಟರ್ ಕೇಳಿದಾಗ ನಾನು ಕಿಟಕಿಯಾಚೆಯ ಗದ್ದೆಯನ್ನು ಬಹಳ ಗಮನವಿಟ್ಟು ನೋಡುತ್ತಿದ್ದೆ. ಇಳಿದವಳೇ ಬಸ್‌ಸ್ಟ್ಯಾಂಡಿನಲ್ಲಿ ಇನ್ನೊಂದು ಕಟ್ಟು ಎಲೆ ಕೊಂಡಳು.

ಮದುವೆ ಮಂಟಪದಲ್ಲಿ ಸೌಂಡ್ ಸಿಸ್ಟಮ್‌ನವನು ಪೆನ್‌ಡ್ರೈವ್ ಚುಚ್ಚಿ ಸೋಬಾನೆಯನ್ನೇ ಹಾಕಬೇಕೇ! ಮುಂದಿನ ಸಾಲಿನಲ್ಲಿ ಬೀಗರು ಬೇರೆ. ಇಲ್ಲಿ ಮಾತ್ರ ಬೇಡ ಚಿಕ್ಕವ್ವ ಎಂದು ಅವಳ ಕೈ ಹಿಡಿದುಕೊಂಡೆ. ಅವಳು ಏಳಲಿಲ್ಲ. ನನ್ನ ಮಾತಿಗೂ ಇಷ್ಟು ಬೆಲೆ ಬಂತೇ ಎಂದು ಹಿಗ್ಗಿದೆ.

"ನನ್ ಹಾಡಿಗೆ ನಾನೇ ಕೊಟ್ಕೊಂಡ್ರೆ ಚೆಂದಾಗಿರ್ತದಾ?" ಎಂದಳು ಮೆಲ್ಲಗೆ.

ಆಗ ಕಿವಿಗೊಟ್ಟೆ. ಅವಳದೇ ದನಿ! ಯಾವುದೋ ಮದುವೆಯಲ್ಲಿ ಯಾರೋ ಮೊಬೈಲ್ ಹಿಡಿದಿದ್ದಾರೆ. ಅದು ಫೋನಿನಿಂದ ಫೋನಿಗೆ ಹಾರಿ ಇಲ್ಲಿಗೂ ಬಂದಿದೆ, ಅವಳಿಗೊಂದು ಎಲೆಯೂ ತಲುಪಿಲ್ಲ. ಇವಳನ್ನು ನೋಡಿಯೇ ನಾನು ನಾಚಿಕೊಂಡದ್ದು? ಎದ್ದು ಹೋಗಿ ಬಾಗಿಲಲ್ಲಿದ್ದ ತಾಂಬೂಲದ ತಟ್ಟೆಯಿಂದ ಎರಡು ಎಲೆ, ಒಂದು ಅಡಿಕೆ ತಂದು ಅವಳ ಮಡಿಲಿಗೆ ಹಾಕಿದೆ. ದೊಡ್ಡ ಕೆಲಸ ಮಾಡಿದೆನೆಂದು ಬೀಗಿದ್ದೂ ಉಂಟು.

ಚಿಕ್ಕವ್ವ ಒಂದು ಎಲೆ ತೆಗೆದು ನನ್ನ ಅಂಗೈಗೆ ವಾಪಸ್ಸು ಇಟ್ಟಳು.

"ಇದು ನಂದಲ್ಲ. ಹಿಂದೆ ಸೊಲ್ಲು ಹಿಡಿದಿರೋಳು ನಿಮ್ಮವ್ವ ಕಣೋ."

ಹಡೆದವಳ ದನಿ ನನಗೆ ಗುರುತು ಸಿಕ್ಕಿರಲಿಲ್ಲ. ಬಸ್ಸಿನಲ್ಲಿ ಆದದ್ದು ನಾಚಿಕೆಯೇ ಅಲ್ಲ. ನಾಚಿಕೆ ಏನೆಂದು ಆಗ ಗೊತ್ತಾಯಿತು. ಹಾಡು ಮುಗಿಯುವವರೆಗೂ ತಲೆ ತಗ್ಗಿಸಿ ಕೇಳಿದೆ. ಆಮೇಲೆ ಎದ್ದು, ಬೀಗರೆಲ್ಲ ನೋಡುತ್ತಿದ್ದಂತೆಯೇ, ಆ ಎಲೆಯನ್ನು ಸ್ಪೀಕರಿನ ಮೇಲೆ ಇಟ್ಟು ಕೈ ಮುಗಿದೆ.