ಗುಣಪಾಲನಿಗೆ ಹಿಡಿದ ಗಾಳಿ

ಸುರತ್ಕಲ್ಲಿನ ಕಾಲೇಜು ಮೇಷ್ಟ್ರು ಗುಣಪಾಲ ಶೆಟ್ಟಿ ಆ ಭಾನುವಾರ ಬೆಳಿಗ್ಗೆ ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು. ಸಂಜೆ ಕಂಕನಾಡಿಯಿಂದ ಸ್ನೇಹಲತಾಳ ಸೋದರಮಾವ ಚಿತ್ತರಂಜನ ಶೆಟ್ಟರು ಬಂದು ಮದುವೆಯ ಮಾತು ಮುಗಿಸುವವರಿದ್ದರು. ಸ್ನೇಹಲತಾಳನ್ನು ನೋಡಿ ಬಂದಂದಿನಿಂದ ಗುಣಪಾಲ ಚಾಕ್ಕೆ ಉಪ್ಪು ಹಾಕಿಕೊಂಡು ಕುಡಿಯುತ್ತಿದ್ದ, ಅದೂ ಸಂತೋಷದಿಂದ.

ಹಾಲಿಗೆಂದು ಅಂಗಡಿಗೆ ಹೋದವನು ಹಸೈನಾರ್ ಸಾಹೇಬರ ಹತ್ತಿರ ಬಾಯಿಬಿಟ್ಟ.

"ನಾಲ್ಕು ವರ್ಷದಿಂದ ಒಂದು ಗಾಳಿಯ ಹಿಂದೆ ಬಿದ್ದಿದ್ದೇನೆ ಸಾಹೇಬ್ರೇ. ಮೇಲಿನ ಗಾಳಿ. ಬೇಸಿಗೆಗೆ ಒಂದು ದಿಕ್ಕು, ಚಳಿಗಾಲಕ್ಕೆ ಇನ್ನೊಂದು. ಈ ವರ್ಷ ಚಳಿಗಾಲದ ನಡುವೆಯೇ ತಿರುಗಿಬಿಟ್ಟಿತು ಮಾರಾಯ್ರೆ."

"ನಿಮಗೆ ಹೇಗೆ ಗೊತ್ತಾಯ್ತು?"

"ಉಪಗ್ರಹ ಹೇಳ್ತದೆ."

ಸಾಹೇಬರು ಹಾಲನ್ನು ದೂರದಿಂದಲೇ ಚಾಚಿದರು. ಅವನ ಬೆನ್ನು ತಿರುಗಿದ್ದೇ ತಡ, ಪಕ್ಕದ ಮನೆಯ ಕುಶಲಕ್ಕನಿಗೆ ಸುದ್ದಿ ಮುಟ್ಟಿತು: ಮೇಷ್ಟ್ರಿಗೆ ಗಾಳಿಯೂ ಉಂಟಂತೆ, ಗ್ರಹವೂ ಉಂಟಂತೆ.

ಕುಶಲಕ್ಕ ಬಂದು ಬಾಗಿಲಿಗೆ ಲಿಂಬೆಹಣ್ಣು ಕಟ್ಟಿದರು.

"ಎಂತ ಕುಶಲಕ್ಕ ಇದು?"

"ಎಂತದೂ ಇಲ್ಲ ಮಗಾ. ಮೆಲ್ಲ ಮಾತಾಡು, ಅದಕ್ಕೆ ಕೇಳ್ತದೆ."

ಮಧ್ಯಾಹ್ನ ಸಾಹೇಬರು ಗಾಳಿ ಬಿಡಿಸಲು ಓದಿ ಊದಿದ ನೀರಿನ ಬಾಟ್ಲಿ ಇಟ್ಟುಹೋದರು. ಒಂದು ಬೆಂಕಿಕಡ್ಡಿಯನ್ನೂ ಧರ್ಮಕ್ಕೆ ಕೊಟ್ಟವರಲ್ಲ. ಗುಣಪಾಲನಿಗೆ ವಿಷಯ ತಿಳಿದದ್ದು ಆಗಲೇ.

ಸಂಜೆ ಚಿತ್ತರಂಜನ ಶೆಟ್ಟರು ದಾರಿ ಕೇಳಲು ಕಾರು ನಿಲ್ಲಿಸಿದ್ದೇ ಆ ಅಂಗಡಿಯ ಮುಂದೆ. ಸುದ್ದಿ ಕೇಳಿಸಿಕೊಂಡರೂ ಮನೆಯೊಳಗೆ ಬಂದು ಸಮಾಧಾನವಾಗಿ ಕೂತರು.

"ನಾಚಿಕೆ ಬೇಡ. ನನ್ನ ತಂಗಿಗೂ ಗಾಳಿ ತಾಗಿತ್ತು. ಒಂದು ಕೋಳಿ ಕೊಟ್ಟೆವು, ಬಿಟ್ಟಿತು. ನಿಮ್ಮದಕ್ಕೂ ಕೊಡುವ. ಕೋಳಿ ನಮ್ಮದೇ. ಮದುವೆಗೆ ಅಡ್ಡಿ ಇಲ್ಲ."

ಬುದ್ಧಿವಂತನಾಗಿದ್ದರೆ ಗುಣಪಾಲ ಇಲ್ಲಿ ಕೈಮುಗಿಯುತ್ತಿದ್ದ. ಆದರೆ ಅವನು ವಿದ್ಯಾವಂತ.

"ಅದು ಆ ಗಾಳಿ ಅಲ್ಲ ಮಾವ," ಎಂದು ಶುರುಮಾಡಿದ. ಉತ್ತರ ಧ್ರುವ, ನೆಲದಿಂದ ಮೂವತ್ತು ಕಿಲೋಮೀಟರ್ ಮೇಲೆ ಬೀಸುವ ಗಾಳಿ, ಅಲ್ಲಿನ ಬಿಸಿಯನ್ನು ಅಳೆಯುವ ಉಪಗ್ರಹ, ಆ ಬಿಸಿಯಿಂದ ಗಾಳಿಯ ದಿಕ್ಕು ತೆಗೆಯುವ ತನ್ನ ಲೆಕ್ಕ, ಎಲ್ಲವನ್ನೂ ಬಿಡಿಸಿ ಹೇಳಿದ. ಶೆಟ್ಟರ ಚಾ ಆರಿತು.

"ಅದರಿಂದ ನಮಗೆ ಮಳೆ ಬರ್ತದಾ?"

"ಇಲ್ಲ."

"ಒಂದು ತೆಂಗಿನಕಾಯಿಯಾದರೂ ಬೀಳ್ತದಾ?"

"ಇಲ್ಲ ಮಾವ."

"ಮತ್ತೆ ನೀವು ಅದನ್ನು ಬಿಡುವುದು ಯಾವಾಗ?"

"ಬಿಡುವುದಾ? ಇದು ಜೀವಮಾನದ ಕೆಲಸ," ಎಂದ ಗುಣಪಾಲ ಹೆಮ್ಮೆಯಿಂದ.

ಶೆಟ್ಟರು ಎದ್ದರು. ಗೇಟಿನ ಹತ್ತಿರ ಕಾದಿದ್ದ ಕುಶಲಕ್ಕನಿಗೆ ಬೇಸರದಿಂದಲೇ ಹೇಳಿದರು:

"ಇದು ಕೋಳಿಗೆ ಬಿಡುವ ಗಾಳಿ ಅಲ್ಲ ಮಾರಾಯ್ತಿ."