ಇಂಜೆಕ್ಟರಿಗೆ ಬಾರದ ಅಪ್ಪಣೆ

೨೦೨೪ರ ಫೆಬ್ರವರಿ ೨೮, ಬುಧವಾರ, ಬೆಳಿಗ್ಗೆ ೭ ಗಂಟೆ ೪೦ ನಿಮಿಷ. ಸಹಕಾರನಗರದ ಬಾಡಿಗೆ ಮನೆಯ ಕೆಳಗಿನ ಪಾರ್ಕಿಂಗಿನಲ್ಲಿ ಭೌತಶಾಸ್ತ್ರದ ಮೇಷ್ಟ್ರು ಶಿವರಾಮ್ ಕಾರಿನ ಕೀ ತಿರುಗಿಸಿದರು. ಎಂಜಿನ್ ಎರಡು ಸೆಕೆಂಡು ಓಡಿ, ಯಾರೋ ಬಾಯಿ ಮುಚ್ಚಿದಂತೆ ನಿಂತಿತು.

ಏಳು ಸಲ ಪ್ರಯತ್ನಿಸಿದರು. ಏಳು ಸಲವೂ ಎರಡೇ ಸೆಕೆಂಡು.

ಹತ್ತು ಗಂಟೆಗೆ ಅಬ್ಬಿಗೆರೆಯ ಕಾಲೇಜಿನಲ್ಲಿ ವಿಜ್ಞಾನ ದಿನದ ಭಾಷಣ ಅವರದು. ಅದನ್ನು ಕೇಳಿಯೇ ವಿಭಾಗದ ಮುಖ್ಯಸ್ಥರನ್ನು ಆರಿಸುವುದಾಗಿ ಪ್ರಿನ್ಸಿಪಾಲರು ಹೇಳಿದ್ದರು. ತಪ್ಪಿದರೆ ಕುರ್ಚಿ ಸಹೋದ್ಯೋಗಿ ಮಹೇಂದ್ರನಿಗೆ. ಪ್ರಯೋಗದ ಸಾಮಾನೆಲ್ಲ ಡಿಕ್ಕಿಯಲ್ಲಿತ್ತು, ಆಟೋದಲ್ಲಿ ಹಿಡಿಸುವಂಥದ್ದಲ್ಲ.

ಮೇಲಿನ ಮನೆಯ ಮುನಿರತ್ನ ಹಲ್ಲುಜ್ಜುತ್ತಲೇ ಇಳಿದು ಬಂದರು. "ಸೆಕೆಂಡ್ ಗೇರ್ ಹಾಕಿ ತಳ್ಳೋಣ ಸಾರ್."

"ತಳ್ಳೋದ್ರಿಂದ ಆಗಲ್ಲ ಕಣ್ರೀ. ಸ್ಟಾರ್ಟ್ ಆಗ್ತಿದೆ, ನಿಲ್ತಾ ಇಲ್ಲ."

"ನಿಲ್ತಾ ಇದೆಯಲ್ಲ ಸಾರ್, ಅದೇ ತಾನೆ ತೊಂದ್ರೆ?"

ಗಂಗಾನಗರದಿಂದ ಮೆಕ್ಯಾನಿಕ್ ಜೀಷಾನ್ ಬರುವಾಗ ಎಂಟೂಮುಕ್ಕಾಲು. ಟ್ಯಾಂಕಿಗೆ ಕಿವಿಯಿಟ್ಟು ಪೆಟ್ರೋಲ್ ಪಂಪಿನ ಗುಂಯ್ ಸದ್ದು ಕೇಳಿದ. ಮೀಟರ್ ಸಿಕ್ಕಿಸಿ ನೋಡಿದ: ಒತ್ತಡ ಮೂರು ಬಾರ್. ಪ್ಲಗ್ಗಿನಲ್ಲಿ ಕಿಡಿಯೂ ಇತ್ತು. ಕೊನೆಗೆ ಎಂಜಿನ್ನಿಗೆ ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರಿನ ವೈರಿಗೆ ಚಿಕ್ಕ ಬಲ್ಬು ಜೋಡಿಸಿದ. ಕೀ ತಿರುಗಿಸಿದಾಗ ಬಲ್ಬು ಎರಡು ಸೆಕೆಂಡು ಮಿಣಮಿಣ ಎಂದು ಕಣ್ಣು ಮುಚ್ಚಿತು.

"ಎಲ್ಲಾ ಸರಿ ಇದೆ ಸಾರ್. ಪೆಟ್ರೋಲ್ ಬಿಡು ಅಂತ ಕಂಪ್ಯೂಟರ್ ಅಪ್ಪಣೆ ಕೊಡ್ತಿಲ್ಲ, ಅಷ್ಟೆ. ಯಾರೋ ಬೇಡ ಅಂದಂಗೆ."

ಪಾರ್ಕಿಂಗಿನಲ್ಲಿ ಯಾಕೋ ತಣ್ಣಗಾಯಿತು. ಗಂಟೆಯಾದರೂ ಬಾಯಿಂದ ತೆಗೆಯದ ಮುನಿರತ್ನರ ಬ್ರಷ್ ಅಲ್ಲೇ ನಿಂತಿತು.

ಶಿವರಾಮ್ ಕೀಯನ್ನು ಬೆಳಕಿಗೆ ಹಿಡಿದರು. ಅದರ ತಲೆಯ ಸುತ್ತ ತಾಮ್ರದ ತಗಡು, ಮೇಲೆ ಬಿಗಿಯಾಗಿ ಕೆಂಪು ದಾರ. ಕಾರುಗಳು ಒಂದರ ಹಿಂದೊಂದು ನಿಲ್ಲುವ ಜಾಗವಾದ್ದರಿಂದ, ಅಡ್ಡ ಬಂದದ್ದನ್ನು ಸರಿಸಲು ಬಾಡಿಗೆಯವರೆಲ್ಲ ರಾತ್ರಿ ಕೀಗಳನ್ನು ಓನರ್ ಸೊಣ್ಣಮ್ಮನ ಮನೆಯ ಮೊಳೆಗೆ ನೇತುಹಾಕುತ್ತಿದ್ದರು. ಬೆಳಿಗ್ಗೆ ಕೀ ತರುವಾಗ ತಗಡು ಕಂಡರೂ, ಗುರುತಿಗೆ ಕಟ್ಟಿರಬೇಕೆಂದು ಶಿವರಾಮ್ ಲಕ್ಷ್ಯ ಕೊಟ್ಟಿರಲಿಲ್ಲ.

"ಸಿಕ್ತು! ಕೀಯೊಳಗೊಂದು ಚಿಪ್ ಇರುತ್ತೆ. ಈ ತಗಡು ಅದರ ತರಂಗ ತಡೀತಾ ಇದೆ. ಇದು ಕಳ್ಳನ ಕೀ ಅಂದ್ಕೊಂಡು ಕಾರು ಪೆಟ್ರೋಲ್ ನಿಲ್ಲಿಸ್ತಿದೆ!"

ತಗಡು ಬಿಚ್ಚಿದರು. ಎಂಜಿನ್ ಹೊಟ್ಟೆ ತುಂಬಿದ ಬೆಕ್ಕಿನಂತೆ ಗುರುಗುಟ್ಟತೊಡಗಿತು. ಗಂಟೆ ಒಂಬತ್ತು ಹತ್ತು. ಜೀಷಾನ್ ಚಪ್ಪಾಳೆ ತಟ್ಟಿದ.

ಸದ್ದು ಕೇಳಿ ಸೊಣ್ಣಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದರು. "ಅಯ್ಯೋ, ಯಾಕ್ ಬಿಚ್ಚಿದ್ರಿ ಮೇಷ್ಟ್ರೇ?"

"ನಿಮ್ಮ ತಾಯತದಿಂದ ಗಾಡಿ ನಿಂತೋಗಿತ್ತಮ್ಮ!"

"ನಿಲ್ಲಲಿ ಅಂತ್ಲೇ ಕಟ್ಟಿದ್ದು. ನಿನ್ನೆ ಸಂಜೆ ನೀವು ಗಾಡಿ ತಂದು ನಿಲ್ಸಿದಾಗ ಇಂದ್ಗಡೆ ಸೀಟಲ್ಲಿ ಒಬ್ರು ಕೂತಿದ್ರು. ನೀವು ಇಳಿದ್ರಿ, ಅವ್ರು ಇಳೀಲಿಲ್ಲ. ಅವ್ರು ಇಳಿಯೋಗಂಟ ಗಾಡಿ ಒರಡಬಾರ್ದು."

ಶಿವರಾಮ್ ನಗಲು ಯತ್ನಿಸಿದರು. "ಮತ್ತೆ ಈಗ... ಇಳಿದ್ರಾ?"

ಸೊಣ್ಣಮ್ಮ ಕಿಟಕಿಯೊಳಗೆ ಬಗ್ಗಿ ನೋಡಿ, ಮರ್ಯಾದೆಯಿಂದ ಹಿಂದೆ ಸರಿದರು.

ಶಿವರಾಮ್ ಧೈರ್ಯ ಮಾಡಿ ಕೂತು, ಬೆಲ್ಟು ಹಾಕಿ, ಗೇರಿಗೆ ಕೈಯಿಟ್ಟರು. ಟಿಣ್, ಟಿಣ್, ಟಿಣ್. ಮುಂದಿನ ಫಲಕದಲ್ಲಿ ಕೆಂಪು ದೀಪ: ಹಿಂದಿನ ಎಡ ಸೀಟಿನವರು ಬೆಲ್ಟು ಹಾಕಿಲ್ಲ. ಆ ಸೀಟಿನಲ್ಲಿ ಒಂದು ಕರವಸ್ತ್ರವೂ ಇರಲಿಲ್ಲ.

"ಸೆನ್ಸಾರ್ ಪ್ರಾಬ್ಲಂ ಇರ್ಬೇಕು ಸಾರ್," ಎಂದ ಜೀಷಾನ್, ಗೇಟಿನಾಚೆಯಿಂದ.

ಹತ್ತು ಗಂಟೆಗೆ ಅಬ್ಬಿಗೆರೆಯಲ್ಲಿ ಮಹೇಂದ್ರ ವೇದಿಕೆ ಹತ್ತಿದ. ಇತ್ತ ಎಂಜಿನ್ನನ್ನು ಶಿವರಾಮ್ ತಾವೇ ನಿಲ್ಲಿಸಿ, ಕೀಯನ್ನು ಸೊಣ್ಣಮ್ಮನ ಕೈಗಿಟ್ಟಿದ್ದರು. ಅಂದು ಕಾರು ಓಡಿದ ದೂರ: ೦.೦ ಕಿಲೋಮೀಟರ್.