ಹದಿನಾಲ್ಕನೆಯ ನಂಬರಿನ ಅಂಗಿ

ವರ್ನನ್ ಸ್ಟಕಿಗೆ ಈ ಜಗತ್ತಿನ ಮೇಲೆ ಇದ್ದ ದೂರು ಒಂದೇ. ಅವನ ಮಗಳು ಕೋರಾ ಎಷ್ಟು ಚೆನ್ನಾಗಿ ಬ್ಯಾಸ್ಕೆಟ್‌ಬಾಲ್ ಆಡುತ್ತಾಳೆಂಬುದು ಅವನಿಗೆ ಗೊತ್ತಿತ್ತು, ಅವನ ಹೆಂಡತಿ ಗ್ಲೆಂಡಾಗೆ ಗೊತ್ತಿತ್ತು, ಅವನು ದಿನಾ ಟಪಾಲು ಹಂಚುವ ನಾನೂರು ಚಿಲ್ಲರೆ ಮನೆಗಳವರಿಗೂ (ಅವರು ಬೇಡವೆಂದರೂ) ಗೊತ್ತಿತ್ತು. ಗೊತ್ತಿಲ್ಲದವರು ಕಾಲೇಜು ತಂಡಗಳ ಕೋಚ್‌ಗಳು ಮಾತ್ರ. ಗೊತ್ತಿರಬೇಕಾದವರೂ ಅವರೇ.

ಕೋರಾಗೆ ಹದಿನೇಳು ತುಂಬಿತ್ತು. ಹೈಸ್ಕೂಲಿನಲ್ಲಿ ಇನ್ನೊಂದೇ ವರ್ಷ. ಈ ಬೇಸಿಗೆಯಲ್ಲಿ ಯಾವುದಾದರೂ ಕಾಲೇಜಿನ ಕಣ್ಣಿಗೆ ಬಿದ್ದರೆ ಬಿದ್ದಳು, ಇಲ್ಲವಾದರೆ ತಂಡಗಳೆಲ್ಲ ಭರ್ತಿಯಾಗಿ ಅವಳ ಆಟ ಮನೆಯ ಗ್ಯಾರೇಜಿಗೆ ನೇತುಹಾಕಿದ ಬುಟ್ಟಿಯ ಮುಂದೆಯೇ ಮುಗಿಯುತ್ತಿತ್ತು. ಇಂಡಿಯಾನಾ ರಾಜ್ಯದ ಆ ಸಣ್ಣ ಊರಿಗೆ ಕೋಚ್‌ಗಳು ದಾರಿ ತಪ್ಪಿಯೂ ಬರುತ್ತಿರಲಿಲ್ಲ. ಹಾಗಾಗಿ ಜೂನ್ ತಿಂಗಳ ಒಂದು ಸಂಜೆ, ಬೀನ್ಸು ಮತ್ತು ಮಾಂಸದ ಊಟಕ್ಕೆ ಕೂತಾಗ, ವರ್ನನ್ ಫೋರ್ಕನ್ನು ರಾಜದಂಡದಂತೆ ಎತ್ತಿ ಹಿಡಿದು ಘೋಷಣೆ ಮಾಡಿದ.

"ಷೋಕೇಸ್ ಟೂರ್ನಮೆಂಟಿಗೆ ಹೋಗ್ತಿದೀವಿ. ಮೂರು ದಿನ, ಇನ್ನೂರು ತಂಡ, ಒಂದೇ ಸೂರಿನ ಕೆಳಗೆ ಹದಿನಾರು ಕೋರ್ಟು. ನೂರಾರು ಕೋಚ್‌ಗಳು ಬಂದು ಕೂತಿರ್ತಾರೆ!"

"ಇನ್ನೂರು ತಂಡ ಅಂದ್ರೆ ಎರಡು ಸಾವಿರ ಹುಡುಗೀರು," ಎಂದಳು ಗ್ಲೆಂಡಾ, ಬೀನ್ಸು ಬಡಿಸುತ್ತಾ. "ಎರಡು ಸಾವಿರ ಅಪ್ಪಂದಿರು. ಎಲ್ಲರ ಮನೇಲೂ ಈಗ ಇದೇ ಭಾಷಣ ನಡೀತಿರುತ್ತೆ. ಸುಮ್ನೆ ಸ್ಕೂಲಿನ ಆಟದ ವಿಡಿಯೋ ಕಳಿಸೋಣ ವರ್ನನ್. ಕೆಟಲ್ ಕ್ರೀಕ್ ಕಾಲೇಜು ಇಲ್ಲೇ ನಲವತ್ತು ನಿಮಿಷದ ದಾರಿ."

"ಕೆಟಲ್ ಕ್ರೀಕಾ? ಅಲ್ಲಿ ಹುಡುಗೀರಿಗಿಂತ ಹಸುಗಳು ಜಾಸ್ತಿ!"

"ಅದಕ್ಕೇ ಅವಳಿಗೆ ಇಷ್ಟ," ಎಂದಳು ಗ್ಲೆಂಡಾ.

ಕೋರಾಗೆ ದನಗಳ ಡಾಕ್ಟರಾಗಬೇಕೆಂಬ ಆಸೆ ಎಂಟನೆಯ ವಯಸ್ಸಿನಿಂದ ಇತ್ತು. ಕೆಟಲ್ ಕ್ರೀಕ್‌ನಲ್ಲಿ ಆ ಓದೂ ಇತ್ತು, ಪುಟ್ಟದೊಂದು ತಂಡವೂ ಇತ್ತು. ಅಪ್ಪ ನಗುತ್ತಾನೆಂದು ಹೆದರಿ ಅವಳು ಗುಟ್ಟಾಗಿ ಅಲ್ಲಿನ ಕೋಚ್ ಹ್ಯಾವರ್ಟಿ ಎಂಬಾಕೆಗೆ ಕಾಗದ ಬರೆದಳು: ‘ಜುಲೈನಲ್ಲಿ ಷೋಕೇಸಿಗೆ ಬಂದರೆ ದಯವಿಟ್ಟು ನನ್ನ ಆಟ ನೋಡಿ. ನನ್ನ ನಂಬರು ಇಪ್ಪತ್ಮೂರು.’ ಆ ಕಾಗದವನ್ನು ಮನೆಯ ಮುಂದಿನ ಟಪಾಲು ಡಬ್ಬಿಯಿಂದ (ಅಲ್ಲಿ ಕಳಿಸುವ ಕಾಗದಗಳನ್ನೂ ಅದರಲ್ಲೇ ಇಡುತ್ತಾರೆ) ತೆಗೆದು ತನ್ನ ಚೀಲಕ್ಕೆ ಹಾಕಿಕೊಂಡು ಹೋದವನು ಸ್ವತಃ ವರ್ನನ್. (ವಿಳಾಸವನ್ನು ಅವನು ಓದಲಿಲ್ಲ. ಇಪ್ಪತ್ತಾರು ವರ್ಷ ಟಪಾಲು ಇಲಾಖೆಯಲ್ಲಿದ್ದವನಿಗೆ ವಿಳಾಸ ಓದಿ ಓದಿ ಸಾಕಾಗಿತ್ತು.) ವಾರದಲ್ಲೇ ಕೋರಾಳ ಫೋನಿಗೆ ಒಂದು ಸಾಲಿನ ಉತ್ತರ ಬಂತು: ‘ಒಂದು ಜಾಗ ಬಾಕಿ ಇದೆ. ಬರುತ್ತೇನೆ.’

ಷೋಕೇಸಿನ ಮೊದಲ ಬೆಳಿಗ್ಗೆ ಹೋಟೆಲಿನಲ್ಲಿ ಎಲ್ಲರೂ ವಾಫಲ್ ತಿನ್ನುತ್ತಿದ್ದಾಗ ವರ್ನನ್‌ಗೆ ಒಂದು ದಿವ್ಯ ಯೋಚನೆ ಹೊಳೆಯಿತು. ಅವನಿಗೆ ದಿವ್ಯ ಯೋಚನೆಗಳು ಯಾವಾಗಲೂ ಹೊಟ್ಟೆ ತುಂಬಿದ ಮೇಲೆಯೇ ಹೊಳೆಯುತ್ತವೆ, ಅವುಗಳ ಫಲ ಉಣ್ಣುವವರು ಬೇರೆಯವರು.

"ಕೋರಾ, ಇವತ್ತು ನೀನು ಹದಿನಾಲ್ಕನೇ ನಂಬರ್ ಅಂಗಿ ಹಾಕ್ಕೋ."

"ಯಾಕಪ್ಪ? ನಂದು ಇಪ್ಪತ್ಮೂರು."

"ಹದಿನಾಲ್ಕು ನನ್ನ ನಂಬರು ಕಣೇ. ಹೈಸ್ಕೂಲ್ ಫೈನಲ್‌ನಲ್ಲಿ ನಾನು ಹಾಕ್ಕೊಂಡಿದ್ದ ನಂಬರು!"

"ಆ ನಂಬರು ಕೊನೇ ಗಳಿಗೇಲಿ ಎರಡು ಫ್ರೀ ಥ್ರೋ ತಪ್ಪಿಸಿ, ಇಡೀ ಊರನ್ನ ಒಂದು ಪಾಯಿಂಟ್‌ನಲ್ಲಿ ಸೋಲಿಸಿದ ನಂಬರು," ಎಂದು ಗ್ಲೆಂಡಾ ನೆನಪಿಸಿದಳು.

"ಅದಕ್ಕೇ! ಅದರ ಋಣ ತೀರಬೇಕು," ಎಂದ ವರ್ನನ್. ಕಣ್ಣು ಒದ್ದೆಯಾಗಿತ್ತು. ಕೋರಾ ಬೇಡ ಬೇಡ ಎಂದು ಮೂರು ಸಲ ಹೇಳಿದಳು. ನಾಲ್ಕನೆಯ ಸಲ ಅಪ್ಪನ ಮುಖ ನೋಡಿ ಸುಮ್ಮನಾದಳು. ಮಕ್ಕಳು ಮಾಡುವ ದೊಡ್ಡ ತಪ್ಪುಗಳಲ್ಲಿ ಇದೂ ಒಂದು.

ಹದಿನಾಲ್ಕನೆಯ ಅಂಗಿ ಕೋರಾಳದೇ ತಂಡದ ವಿನ್ನಿ ಆಲ್ಟ್ ಎಂಬ ಹುಡುಗಿಯದಾಗಿತ್ತು. ಸಂಭಾವಿತ ಹುಡುಗಿ. ಅವಳ ತಾಯಿಗೆ ಆಟ ಇಷ್ಟ, ಅವಳಿಗೆ ಕೇಕ್ ಮಾಡುವುದು ಇಷ್ಟ. ಆಟದ ಹೊತ್ತೆಲ್ಲ ಬೆಂಚಿನಲ್ಲಿ ಕೂರುವವಳಿಗೆ ಯಾವ ನಂಬರಾದರೇನು ಎಂದು ಖುಷಿಯಿಂದಲೇ ಕೋರಾಳ ಇಪ್ಪತ್ಮೂರನೆಯ ಅಂಗಿ ತೊಟ್ಟುಕೊಂಡಳು. ತಂಡದ ಕೋಚ್ ಬಕ್ ಮಾತ್ರ ತಲೆ ಕೆರೆದುಕೊಂಡ.

"ಪುಸ್ತಕ ಆಗಲೇ ಅಚ್ಚಾಗಿದೆ ವರ್ನನ್. ಯಾವ ನಂಬರು ಯಾವ ಹುಡುಗಿ ಅಂತ ಕಾಲೇಜಿನೋರು ಅದನ್ನೇ ನೋಡೋದು. ಬಾಗಿಲ ಹತ್ರ ಒಂದು ಮೇಜಿದೆ, ಅಲ್ಲಿ ಹೋಗಿ ಬದಲಾವಣೆ ಬರೆಸಿಬಿಡು. ತಿದ್ದಿದ ಹಾಳೆ ಎಲ್ಲರಿಗೂ ಹಂಚ್ತಾರೆ. ಎರಡು ನಿಮಿಷದ ಕೆಲಸ."

ವರ್ನನ್ ಹೋದ. ಮೇಜಿನ ಮುಂದೆ ಉದ್ದ ಸಾಲಿತ್ತು. ಸಾಲಿನಲ್ಲಿ ನಿಂತವರೆಲ್ಲ ಎದೆಯ ಮೇಲೆ ಕಾಲೇಜಿನ ಹೆಸರಿನ ಅಂಗಿ ತೊಟ್ಟ ಕೋಚ್‌ಗಳೇ, ಅದೇ ಪುಸ್ತಕ ಪಡೆಯಲು ಕಾದಿದ್ದರು. ಗೋಡೆಯ ಮೇಲೆ ದೊಡ್ಡ ಅಕ್ಷರದ ಬೋರ್ಡು: ‘ಪೋಷಕರು ಕೋಚ್‌ಗಳೊಂದಿಗೆ ಮಾತನಾಡುವಂತಿಲ್ಲ.’

ನೆಂಟಸ್ತಿಕೆ ಕುದುರಿಸಲು ಹೆಣ್ಣು ನೋಡುವ ಶಾಸ್ತ್ರಕ್ಕೆ ಬಂದು, ಉಪ್ಪಿಟ್ಟು ತಿಂದು, ಹೆಣ್ಣಿನ ಅಪ್ಪನ ಜೊತೆ ಒಂದು ಮಾತೂ ಆಡದೆ ಎದ್ದು ಹೋಗುವುದನ್ನು ಊಹಿಸಿಕೊಳ್ಳಿ. ಅಲ್ಲಿಯ ಪದ್ಧತಿ ಹಾಗೇ ಇದೆ. ಕೋಚ್‌ಗಳು ಬರಬಹುದು, ಮಡಚುವ ಕುರ್ಚಿಯಲ್ಲಿ ಕೂತು ಬರೆದುಕೊಳ್ಳಬಹುದು. ಅಪ್ಪ ಅಮ್ಮ ಅವರ ಹತ್ತಿರ ಸುಳಿದರೆ ಹುಡುಗಿಗೇ ತೊಂದರೆ ಎಂದು ವರ್ನನ್ ಯಾರಿಂದಲೋ ಕೇಳಿದ್ದ. ಬರೆದ ಬೋರ್ಡನ್ನು ಮೀರಿದ ಮನುಷ್ಯನಲ್ಲ ಅವನು. ‘ನಾಯಿ ಇದೆ’ ಎಂಬ ಬೋರ್ಡನ್ನು, ನಾಯಿ ಸತ್ತು ಹತ್ತು ವರ್ಷವಾದ ಮನೆಯ ಮುಂದೆಯೂ, ಪಾಲಿಸುತ್ತಿದ್ದವನು. ಸಾಲಿನ ಕೊನೆಯಲ್ಲಿದ್ದ ಕೋಚ್ ಒಬ್ಬ ತಿರುಗಿ, "ಗುಡ್ ಮಾರ್ನಿಂಗ್," ಎಂದ. ವರ್ನನ್ ಉತ್ತರ ಕೊಡದೆ, ಮುಖ ಗೋಡೆಗೆ ತಿರುಗಿಸಿಕೊಂಡು, ಕಳ್ಳನ ಹಾಗೆ ಅಲ್ಲಿಂದ ಕಾಲು ಕಿತ್ತ. ಸಾಲು ಕರಗಿದ ಮೇಲೆ ಬಂದರಾಯಿತು ಎಂದುಕೊಂಡ.

"ಬರೆಸಿದ್ಯಾ ಅಪ್ಪ?" ಕೋರಾ ಶೂ ಲೇಸು ಕಟ್ಟುತ್ತಾ ಕೇಳಿದಳು. "ಸರಿಯಾಗಿ ಬರೆಸಿದ್ಯಾ?"

"ಹೋಗ್ಬಂದೆ, ಹೋಗ್ಬಂದೆ. ನೀನು ಆಟದ ಕಡೆ ಗಮನ ಕೊಡು."

ಅಷ್ಟರಲ್ಲಿ ಸೀಟಿ ಮೊಳಗಿತು. ಆಮೇಲೆ ವರ್ನನ್‌ಗೆ ಮೇಜೂ ನೆನಪಿರಲಿಲ್ಲ, ಪುಸ್ತಕವೂ ನೆನಪಿರಲಿಲ್ಲ. ಕೋರಾ ಆ ದಿನ ಆಡಿದ ಆಟ ಹಾಗಿತ್ತು. ಎಡಗೈಯಲ್ಲಿ ಚೆಂಡು ಕುಟ್ಟುತ್ತಾ ಇಬ್ಬರ ನಡುವೆ ನುಸುಳಿದಳು, ದೂರದಿಂದ ಎಸೆದದ್ದೆಲ್ಲ ಬುಟ್ಟಿಗೆ ಬಿತ್ತು. ಪ್ರತಿ ಬಾರಿಯೂ ಕುರ್ಚಿಗಳ ಸಾಲಿನಲ್ಲಿ ತಲೆಗಳು ಬಗ್ಗಿ ಪೆನ್ನುಗಳು ಓಡಿದವು. ಹದಿನಾಲ್ಕು, ಹದಿನಾಲ್ಕು ಎಂದು ಅವು ಬರೆಯುತ್ತಿರುವುದು ವರ್ನನ್‌ಗೆ ಇಪ್ಪತ್ತು ಮಾರು ದೂರದಿಂದಲೇ ಕಂಡಿತು. ಮೂವತ್ತು ವರ್ಷದ ಹಿಂದಿನ ಆ ಎರಡು ಫ್ರೀ ಥ್ರೋಗಳು ಅವನ ಎದೆಯಿಂದ ಇಳಿದುಹೋದಂತಾಯಿತು.

ಕುರ್ಚಿಗಳ ಕೊನೆಯಲ್ಲಿ ಹಸಿರು ಅಂಗಿಯ ಹೆಂಗಸೊಬ್ಬಳು ಕೂತಿದ್ದಳು. ಅವಳು ಕೋರ್ಟಿನ ಕಡೆ ನೋಡಿದ್ದಕ್ಕಿಂತ ಬೆಂಚಿನ ಕಡೆ ನೋಡಿದ್ದೇ ಹೆಚ್ಚು. ಪುಸ್ತಕ ನೋಡುವಳು, ಬೆಂಚು ನೋಡುವಳು, ಮತ್ತೆ ಪುಸ್ತಕ ನೋಡುವಳು. ಎರಡು ಪಂದ್ಯ ಪೂರ್ತಿ ಕೂತಿದ್ದು, ಮೂರನೆಯದರ ನಡುವೆ ಎದ್ದು ಹೊರಟುಹೋದಳು. ಬೆನ್ನ ಮೇಲೆ ‘ಕೆಟಲ್ ಕ್ರೀಕ್’ ಎಂದು ಬರೆದಿತ್ತು.

"ನೋಡಿದ್ಯಾ ಗ್ಲೆಂಡಾ? ಹಸುವಿನ ಕಾಲೇಜು ಎದ್ದು ಹೋಯ್ತು! ದೊಡ್ಡೋರ ಮುಂದೆ ನಮಗೆಲ್ಲಿ ಸಿಗ್ತಾಳೆ ಅಂತ ಗೊತ್ತಾಯ್ತು ಅವಳಿಗೆ," ಎಂದು ವರ್ನನ್ ತೊಡೆ ತಟ್ಟಿಕೊಂಡ.

ಕೋರಾ ಕೋರ್ಟಿನ ನಡುವೆ ನಿಂತು ಆ ಖಾಲಿ ಕುರ್ಚಿಯನ್ನು ನೋಡುತ್ತಿದ್ದಳು. ಉಳಿದ ಆಟವನ್ನು ಅವಳು ಆಡಿದಳು ಅಷ್ಟೆ. ಮಗಳಿಗೆ ಸುಸ್ತಾಗಿದೆ ಎಂದುಕೊಂಡು ವರ್ನನ್ ಓಡಿಹೋಗಿ ಅವಳಿಗೆ ಹಳದಿ ಚೀಸ್ ಸುರಿದ ನಾಚೋಸ್ ತಂದುಕೊಟ್ಟ.

ಮನೆಗೆ ಬಂದ ಮೇಲೆ ಕಾಯುವ ಕೆಲಸ ಶುರುವಾಯಿತು. ಹತ್ತು ದಿನ ಏನೂ ಇಲ್ಲ. ಹನ್ನೊಂದನೆಯ ಬೆಳಿಗ್ಗೆ ಟಪಾಲು ವಿಂಗಡಿಸುವಾಗ ವರ್ನನ್‌ನ ಕೈಗೆ ದಪ್ಪ ಲಕೋಟೆಯೊಂದು ಬಂತು. ಮೇಲೆ ದೊಡ್ಡ ಕಾಲೇಜೊಂದರ ಮುದ್ರೆ. ಅವಸರದಿಂದ ಬೆಳಕಿಗೆ ಹಿಡಿದ. ವಿಳಾಸ: ಕುಮಾರಿ ವಿನ್ನಿ ಆಲ್ಟ್. ಪಾಪ, ಕೇಕಿನ ಕೋರ್ಸಿನದೇನೋ ಇರಬೇಕು ಎಂದುಕೊಂಡು ಆಲ್ಟ್ ಮನೆಯ ಡಬ್ಬಿಗೆ ಹಾಕಿದ. ಮರುದಿನ ಇನ್ನೆರಡು ಬಂದವು. ಅವನ್ನೂ ಹಾಕಲು ಹೋದಾಗ ಷೋಕೇಸಿಗೆ ಬರಲಾಗದಿದ್ದ ವಿನ್ನಿಯ ತಾಯಿ ಡೋರಿಸ್ (ಅಂಗಿ ಬದಲಾದದ್ದು ಅವಳಿಗೆ ತಿಳಿಯದು) ಡಬ್ಬಿಯ ಹತ್ತಿರವೇ ಕಾದು ನಿಂತಿದ್ದಳು.

"ವರ್ನನ್! ನನಗೆ ಮೊದಲಿಂದ ಗೊತ್ತಿತ್ತು ಕಣೋ, ನಮ್ಮ ವಿನ್ನಿಲಿ ಏನೋ ಇದೆ ಅಂತ! ಕೇಳು ಇಲ್ಲಿ. ‘ಹದಿನಾಲ್ಕನೇ ನಂಬರಿನ ನಿಮ್ಮ ಎಡಗೈ ಆಟ ಕಂಡು ಬೆರಗಾದೆವು.’ ನೋಡಿದ್ಯಾ? ಮನೇಲಿ ಅವಳು ಎಡಗೈಲಿ ಚಮಚಾನೂ ಹಿಡಿಯಲ್ಲ! ಮೂರು ನಿಮಿಷ ಆಡಿದ್ರೂ ತಿಳಿದೋರ ಕಣ್ಣಿಗೆ ಬಿದ್ದೇ ಬೀಳುತ್ತೆ, ಅಲ್ವಾ?"

ವರ್ನನ್ ಆ ಎರಡು ಲಕೋಟೆಗಳನ್ನೂ ಅವಳ ಕೈಗೆ ಕೊಟ್ಟ. ಕೊಡದಿರಲು ಕಾನೂನಿನಲ್ಲಿ ಅವಕಾಶವಿರಲಿಲ್ಲ. ತನ್ನ ಮಗಳ ಭವಿಷ್ಯವನ್ನು ತನ್ನ ಕೈಯಾರೆ, ಸರ್ಕಾರಿ ಸಮವಸ್ತ್ರದಲ್ಲಿ, ಪಕ್ಕದ ಬೀದಿಗೆ ಹಂಚಿ ಬಂದಿದ್ದ. ಉಳಿದ ಮನೆಗಳಿಗೆ ಹೇಗೆ ಹೋದ, ಯಾರ ಟಪಾಲನ್ನು ಯಾರಿಗೆ ಹಾಕಿದ ಎಂಬುದು ಅವನಿಗೆ ತಿಳಿಯಲಿಲ್ಲ. ಆ ದಿನ ಅಷ್ಟು ದುಃಖ ಅವನಿಗೆ.

"ಮೇಜಿನ ಹತ್ರ ಹೋಗಿದ್ದೆ ಅಂದ್ಯಲ್ಲ?" ಸಂಜೆ ಲಕೋಟೆಗಳ ಸುದ್ದಿ ತಿಳಿದು ಗ್ಲೆಂಡಾ ಕೇಳಿದಳು.

"ಹೋಗಿದ್ದೆ."

"ಬರೆಸಿದ್ಯಾ?"

"ಹೋಗಿದ್ದೆ ಅಂತ ಹೇಳಿದ್ನಲ್ಲ!"

"ವರ್ನನ್, ಬರೆಸಿದ್ಯಾ?"

"ಕೋಚ್‌ಗಳು ನಿಂತಿದ್ರು ಕಣೆ. ಬೋರ್ಡ್ ಹಾಕಿತ್ತು."

ಕೋರಾ ಅಳಲಿಲ್ಲ, ಕೂಗಾಡಲಿಲ್ಲ. "ಹಾಗಾದ್ರೆ ಕೋಚ್ ಹ್ಯಾವರ್ಟಿ ಎರಡು ಪಂದ್ಯ ಕೂತು ನೋಡಿದ್ದು ವಿನ್ನೀನ," ಎಂದಳು. ತಾನು ಬರೆದ ಕಾಗದದ ವಿಷಯ ಅಂದೇ ಹೇಳಿದಳು. ಅವಳು ಕೂಗಾಡಿದ್ದರೆ ಚೆನ್ನಾಗಿತ್ತು ಎಂದು ವರ್ನನ್‌ಗೆ ಅನ್ನಿಸಿತು.

ವಿನ್ನಿ ತಾನೇ ಮೂರು ಕಾಲೇಜುಗಳಿಗೂ ಫೋನ್ ಮಾಡಿ ಇದ್ದದ್ದನ್ನು ಇದ್ದಂತೆ ಹೇಳಿದಳು. (ಡೋರಿಸ್ ಆಮೇಲೆ ಎರಡು ವಾರ ವರ್ನನ್ ಜೊತೆ ಮಾತಾಡಲಿಲ್ಲ.) ಅದರ ಬೆನ್ನಿಗೆ ವರ್ನನ್ ಫೋನ್ ಮಾಡಿದ. ದೊಡ್ಡ ಕಾಲೇಜಿನವನೊಬ್ಬ ಬಹಳ ತಾಳ್ಮೆಯಿಂದ ಹೇಳಿದ: "ಸಾರ್, ಪ್ರತಿ ವರ್ಷ ಷೋಕೇಸ್ ಮುಗಿದ ಮೇಲೆ ಇಪ್ಪತ್ತು ಜನ ಅಪ್ಪಂದಿರು ಫೋನ್ ಮಾಡಿ, ಆ ಹುಡುಗಿ ನಿಜವಾಗ್ಲೂ ನಮ್ಮೋಳೇ ಅಂತಾರೆ. ನೀವು ಇಪ್ಪತ್ತೊಂದನೆಯವರು. ನಮ್ಮ ಪಟ್ಟೀಲಿ ಇನ್ನೂ ನೂರಾರು ಹುಡುಗೀರಿದಾರೆ, ಅವರ ನಂಬರೆಲ್ಲ ಸರಿಯಾಗಿದೆ." ಉಳಿದಿಬ್ಬರು ಅಷ್ಟನ್ನೂ ಹೇಳಲಿಲ್ಲ. ಕೆಟಲ್ ಕ್ರೀಕ್‌ಗೆ ಮಾತ್ರ ಫೋನ್ ಮಾಡಬೇಡ, ಆಕೆ ಎದ್ದುಹೋದದ್ದನ್ನು ನಾನೇ ನೋಡಿದೆ ಎಂದು ಕೋರಾ ತಡೆದಳು.

ಆಗಸ್ಟಿನ ಕೊನೆಯಲ್ಲಿ ಕೆಟಲ್ ಕ್ರೀಕ್‌ನಿಂದ ತೆಳ್ಳನೆಯ ಲಕೋಟೆಯೊಂದು ಬಂತು. ಈ ಸಲ ವಿಳಾಸ ಕೋರಾ ಸ್ಟಕಿಯದೇ. ವರ್ನನ್ ಅದನ್ನು ನಿಯಮದಂತೆ ಮನೆಯ ಡಬ್ಬಿಗೆ ಹಾಕಿ, ಉಳಿದ ಇನ್ನೂರು ಮನೆಗಳನ್ನು ಮುಗಿಸಿ, ಸಂಜೆ ಮನೆಗೆ ಬಂದು, ಏನೂ ತಿಳಿಯದವನಂತೆ "ಟಪಾಲು ಏನಾದ್ರೂ ಬಂತಾ?" ಎಂದು ಕೇಳಿದ.

ಕೋರಾ ಓದಿದಳು: ‘ಎರಡು ಪಂದ್ಯ ನಿನ್ನನ್ನೇ ಗಮನಿಸಿದೆ. ಆಟಕ್ಕಿಳಿದ ಮೂರು ನಿಮಿಷದ ಬಗ್ಗೆ ಹೆಚ್ಚೇನೂ ಹೇಳಲಾರೆ. ಆದರೆ ಬೆಂಚಿನಲ್ಲಿ ನೀನು ಗೆಳತಿಯರಿಗೆ ನೀರು ಕೊಟ್ಟ ರೀತಿ, ಟವೆಲ್ ಮಡಚಿಟ್ಟ ಅಚ್ಚುಕಟ್ಟು, ಚಪ್ಪಾಳೆ ತಟ್ಟಿದ ಉತ್ಸಾಹ ನನ್ನ ಮನಸ್ಸಿಗೆ ಹಿಡಿಸಿತು. ನಮ್ಮ ತಂಡಕ್ಕೆ ಮ್ಯಾನೇಜರ್ ಆಗಿ ಬರುತ್ತೀಯಾ? ನೀರು, ಟವೆಲ್, ಅಂಗಿಗಳ ಜವಾಬ್ದಾರಿ ನಿನ್ನದು.’

ವರ್ನನ್ ಫೋನಿನ ಕಡೆಗೆ ಹಾರಿದ. ಅಂಗಿಯ ಕಥೆ, ಮೇಜಿನ ಕಥೆ, ಬೋರ್ಡಿನ ಕಥೆ, ಮೂವತ್ತು ವರ್ಷದ ಹಿಂದಿನ ಫ್ರೀ ಥ್ರೋಗಳ ಕಥೆ, ಎಲ್ಲವನ್ನೂ ಒಂದೇ ಉಸಿರಿಗೆ ಒದರಿದ. ಕೋಚ್ ಹ್ಯಾವರ್ಟಿ ಕೊನೆಯವರೆಗೂ ಕೇಳಿಸಿಕೊಂಡಳು.

"ನಾನು ನಿಮ್ಮನ್ನ ನಂಬ್ತೀನಿ ಮಿಸ್ಟರ್ ಸ್ಟಕಿ. ಆ ಹದಿನಾಲ್ಕು ಅದ್ಭುತವಾಗಿ ಆಡಿದ್ಳು. ಆದರೆ ನನ್ನ ಹತ್ರ ಇದ್ದದ್ದು ಒಂದೇ ಜಾಗ. ಆ ಭಾನುವಾರವೇ ಬೇರೆ ತಂಡದ ಹುಡುಗಿ ಒಬ್ಳನ್ನ ಗೊತ್ತು ಮಾಡ್ಕೊಂಡೆ. ಮೂರು ದಿನವೂ ಒಂದೇ ಅಂಗಿ ಹಾಕಿದ್ಳು, ಪಾಪ. ಮ್ಯಾನೇಜರ್ ಕೆಲಸ ಬೇಕಾದ್ರೆ ಇದೆ."

ವರ್ನನ್ ಫೋನ್ ಇಟ್ಟು ಮಗಳ ಕಡೆ ತಿರುಗಿದ. ಕ್ಷಮಿಸು ಎನ್ನಬೇಕೆಂದಿದ್ದ, ಅದರ ಬದಲು ಕಾಗದವನ್ನು ಮಡಚಿ ಲಕೋಟೆಗೆ ಹಾಕಿ ಅವಳ ಕೈಗೆ ಕೊಟ್ಟ.

"ಹೋಗ್ತೀನಿ ಅಪ್ಪ," ಎಂದಳು ಕೋರಾ. "ಹಸುಗಳಾದ್ರೂ ಇದಾವಲ್ಲ."

ಮರುವರ್ಷದ ನವೆಂಬರಿನಲ್ಲಿ ಕೆಟಲ್ ಕ್ರೀಕ್‌ನ ಮೊದಲ ಪಂದ್ಯಕ್ಕೆ ಗಂಡ ಹೆಂಡತಿ ಇಬ್ಬರೂ ಹೋದರು. ಸಣ್ಣ ಒಳಾಂಗಣ, ಮರದ ಮೆಟ್ಟಿಲು ಸೀಟುಗಳು, ಹೊರಗಿನಿಂದ ಸಗಣಿಯ ವಾಸನೆ. ಹುಡುಗಿಯರು ಸಾಲಾಗಿ ಓಡಿ ಬಂದರು. ಕೋರಾ ನಂಬರಿಲ್ಲದ ಹಸಿರು ಅಂಗಿ ತೊಟ್ಟು ಪಾಯಿಂಟ್ ಬರೆಯುವವರ ಮೇಜಿನ ಹತ್ತಿರ ಪುಸ್ತಕ ಹಿಡಿದು ನಿಂತಿದ್ದಳು. ಒಬ್ಬೊಬ್ಬಳನ್ನೂ ನಿಲ್ಲಿಸಿ ಬೆನ್ನು ನೋಡಿ, ಪುಸ್ತಕ ನೋಡಿ, ಗುರುತು ಹಾಕಿ ಕಳಿಸುತ್ತಿದ್ದಳು. ಒಬ್ಬ ಹುಡುಗಿ ಬೇರೆ ಅಂಗಿ ಹಾಕಿಕೊಂಡು ಬಂದಿದ್ದಳು. ಅವಳನ್ನು ಗದರಿಸಿ ವಾಪಸ್ಸು ಓಡಿಸಿದಳು. ಅವಳ ಕಣ್ಣು ಮಾತ್ರ ಆಗಾಗ ಚೆಂಡಿನ ಹಿಂದೆ ಹೋಗುತ್ತಿತ್ತು.

ವರ್ನನ್‌ಗೆ ನೋಡಲಾಗಲಿಲ್ಲ. ಒಂದೂ ಕಾಲು ವರ್ಷದಿಂದ ಹೇಳದೆ ಉಳಿದಿದ್ದ ‘ಕ್ಷಮಿಸು’ ಎಂಬ ಆ ಒಂದು ಮಾತನ್ನು ಇವತ್ತು ಹೇಳಿಯೇ ಬಿಡುತ್ತೇನೆ ಎಂದು ಎದ್ದ. ಮೆಟ್ಟಿಲಿಳಿದು ಮೇಜಿನ ಕಡೆ ನಡೆದ. ಇನ್ನು ಹತ್ತು ಹೆಜ್ಜೆ ಇರುವಾಗ ಕೋರಾ ತಲೆಯೆತ್ತದೆ ಕೈ ಅಡ್ಡ ಹಿಡಿದಳು.

"ಅಪ್ಪ, ಪೋಷಕರು ಈ ಮೇಜಿನ ಹತ್ರ ಬರೋ ಹಾಗಿಲ್ಲ. ಬೋರ್ಡ್ ಹಾಕಿದೆ ನೋಡು."

ವರ್ನನ್ ನೋಡಿದ. ನಿಜವಾಗಿಯೂ ಬೋರ್ಡು ಇತ್ತು. ಅವನು ತಿರುಗಿ ಹೋಗಿ ತನ್ನ ಸೀಟಿನಲ್ಲಿ ಕೂತ.